ಸೊಂಟ ಜೋಪಾನ

ಮನೆ ಬದಲಿಸುವಾಗ ಕಬ್ಬಿಣದ ಬೀರು ಯಾರ ಕಾಲ ಮೇಲಾದರೂ ಬಿದ್ದದ್ದನ್ನು ನಾನು ಕಂಡಿಲ್ಲ. ಅದಕ್ಕೆ ಸಲ್ಲುವ ಮರ್ಯಾದೆಯೇ ಬೇರೆ. ಬೀರು ಹೊರಡುತ್ತದೆಂದರೆ ಮಕ್ಕಳನ್ನು ಒಳಗೆ ಕೂಡಿಹಾಕುತ್ತಾರೆ, ಬಾಗಿಲ ಮುಂದಿನ ಚಪ್ಪಲಿಗಳನ್ನು ಮೂಲೆಗೆ ತಳ್ಳುತ್ತಾರೆ, ವರ್ಷವಿಡೀ ನಮ್ಮ ಗೇಟಿಗೆ ಅಡ್ಡಲಾಗಿ ಸ್ಕೂಟರ್ ನಿಲ್ಲಿಸಿದ ಎದುರುಮನೆಯವರೂ ಅಂದು ತಾವಾಗಿ ಅದನ್ನು ಸರಿಸುತ್ತಾರೆ. ಏಟು ಬೀಳುವುದು ಬೀರು ಸುಖವಾಗಿ ಟೆಂಪೊ ಹತ್ತಿದ ಮೇಲೆ. ‘ಇನ್ನೇನು, ಚಿಲ್ಲರೆ ಸಾಮಾನು ಅಷ್ಟೇ’ ಎಂದು ಯಾರೋ ಒಬ್ಬರು ಟೀ ತರಿಸಿದ ಮೇಲೆ. ನಮ್ಮ ಬಳಗದ ಗಾಯಾಳುಗಳ ಪಟ್ಟಿ ತೆಗೆದರೆ ಎಲ್ಲರೂ ಚಿಲ್ಲರೆಗೆ ಬಲಿಯಾದವರೇ. ಒಬ್ಬರಿಗೆ ಹಳೇ ಸೀರೆಯಲ್ಲಿ ಸುತ್ತಿಟ್ಟ ಈಳಿಗೆಮಣೆ, ಇನ್ನೊಬ್ಬರಿಗೆ ಪರದೆಯ ಸರಳು, ಮತ್ತೊಬ್ಬರಿಗೆ ಬರಿಯ ತಲೆದಿಂಬು. ತಲೆದಿಂಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿನ ಬಾಡಿಗೆದಾರನಿಗೆ ಗಂಟುಮೂಟೆ ಕಟ್ಟುವ ವಿದ್ಯೆ ಬರದೆ ಗತಿಯಿಲ್ಲ. ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಹಾಗಾಗಿ ನಮ್ಮ ಕರಾರುಗಳೆಲ್ಲ 11 ತಿಂಗಳದ್ದು. ಹನ್ನೆರಡನೆಯ ತಿಂಗಳು ಓನರ ಮಗ ಫಾರಿನ್ನಿನಿಂದ ಬರುತ್ತಾನೆ, ಅಥವಾ ಬರುತ್ತಾನೆಂದು ಓನರು ಹೇಳುತ್ತಾರೆ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲವಾದ್ದರಿಂದ ಜ್ಯೇಷ್ಠದ ಕೊನೆಯಲ್ಲಿ ಊರಿಗೆ ಊರೇ ಟೆಂಪೊ ಹತ್ತುತ್ತದೆ. ಮುಂಗಾರೂ ಆಗಲೇ ಕಾಲಿಡುತ್ತದೆ. ಮೆಟ್ಟಿಲು ಒದ್ದೆ, ಆಳುಗಳು ಸಾಕಷ್ಟು ಸಿಗುವುದಿಲ್ಲ. ಉಳಿಯುವುದು ನೆಂಟರು.

ನಮ್ಮ ಪಾಲಿಗೆ ಬಂದ ನೆಂಟ ಭಾವಮೈದುನ. ಆರಡಿ ಆಳು, ದಿನಾ ಜಿಮ್ಮಿಗೆ ಹೋಗುವವನು. ಆಳುಗಳ ಮೇಸ್ತ್ರಿಯೋ ಕಡ್ಡಿಯಂಥ ಮನುಷ್ಯ, ಬಾಯಲ್ಲಿ ಎಲೆಅಡಿಕೆ. ಭಾವಮೈದುನ ನನ್ನ ಪುಸ್ತಕದ ಡಬ್ಬದ ಮುಂದೆ ನಿಂತು, ಮೊಣಕಾಲು ನೆಟ್ಟಗೆ ಇಟ್ಟುಕೊಂಡೇ ಬಗ್ಗಿದ. ಡಬ್ಬದಲ್ಲಿ ಇದ್ದದ್ದು ಸಾಹಿತ್ಯ ಪರಿಷತ್ತಿನ ನಿಘಂಟು, ಎಂಟು ಸಂಪುಟ. ಕನ್ನಡದ ಭಾರ ಹೊರುವುದೆಂದರೆ ಏನೆಂದು ಭಾಷಣಕಾರರಿಗಿಂತ ಚೆನ್ನಾಗಿ ಬಲ್ಲವರು ಸಾಮಾನು ಸಾಗಿಸುವವರು. ಮೇಸ್ತ್ರಿ ಓಡಿಬಂದು ತಡೆದ. “ಅಣ್ಣ, ಬಗ್ಗಬೇಡಿ, ಕುಕ್ಕರಗಾಲಲ್ಲಿ ಕೂತ್ಕೊಳ್ಳಿ. ಮಗೂನ ಎತ್ಕೊಂಡಂಗೆ ಹೊಟ್ಟೆಗೆ ಅಪ್ಪಿಕೊಂಡು ಎದ್ದೇಳಿ. ಎತ್ತೋದು ತೊಡೆ, ಸೊಂಟ ಅಲ್ಲ.” ತಾನೇ ಕೂತ, ಅಪ್ಪಿದ, ಎದ್ದ. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ, ಎಲೆಅಡಿಕೆಯೂ ನಿಲ್ಲಲಿಲ್ಲ.

ಇದನ್ನೇ ಅಮೆರಿಕದ ನಿಯೋಶ್ ಎಂಬ ಸರ್ಕಾರಿ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಲೆಕ್ಕ ಹಾಕಿ ಹೇಳಿದೆ. ಎಲ್ಲ ಅನುಕೂಲವಿದ್ದಾಗ ಎತ್ತಬಹುದಾದ ಮಿತಿ 23 ಕಿಲೊ. ಹೊರೆ ಮೈಯಿಂದ ದೂರವಾದಷ್ಟೂ, ನೆಲಕ್ಕೆ ಹತ್ತಿರವಾದಷ್ಟೂ, ನಡು ತಿರುಚಿದಷ್ಟೂ ಆ 23 ಇಳಿಯುತ್ತ ಹೋಗುತ್ತದೆ. ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೊ, ಕಬ್ಬಿಣ ಸೇರಿದರೆ 30ರ ಹತ್ತಿರ. ಅದನ್ನು ಹೆಗಲಿಗೇರಿಸಿ ಮೂರನೇ ಮಹಡಿಗೆ ತರುವ ಹುಡುಗ ಆ ಸೂತ್ರ ಓದದಿರುವುದೇ ವಾಸಿ. ಪುಸ್ತಕವನ್ನು ದೊಡ್ಡ ಡಬ್ಬಕ್ಕೆ ತುಂಬಿದರೆ ಅದೂ ಸಿಲಿಂಡರಿಗೇನೂ ಸೋಲುವುದಿಲ್ಲ. ಪುಸ್ತಕಕ್ಕೆ ಸಣ್ಣ ಡಬ್ಬ, ದಿಂಬು ಹೊದಿಕೆಗೆ ದೊಡ್ಡದು. ನಾವೆಲ್ಲ ಮಾಡುವುದು ಇದರ ಉಲ್ಟಾ.

ಬೀರುವಿನ ಬಗ್ಗೆ ಮೇಸ್ತ್ರಿಯದು ಎರಡೇ ಮಾತು. ಬಾಗಿಲಿಗೆ ಬೀಗ ಹಾಕಿ ಹಗ್ಗ ಸುತ್ತಿ. ಮೆಟ್ಟಿಲಲ್ಲಿ ಎತ್ತರದವರು ಕೆಳಗೆ, ಕುಳ್ಳರು ಮೇಲೆ. ಮೊದಲನೆಯದು ತಡವಾಯಿತು, ಬೀಗದಕೈ ಬೀರುವಿನ ಒಳಗೇ ಇತ್ತು. ಎರಡನೆಯದಕ್ಕೆ ಭಾವಮೈದುನ ಒಲ್ಲದ ಮನಸ್ಸಿನಿಂದ ಒಪ್ಪಿದ.

ಕಷ್ಟ ಬಂದದ್ದು ಹೊಸ ಮನೆಯ ಹೊಸ್ತಿಲಲ್ಲಿ. ಭಾರ ಹೊರುವಾಗ ಕಾಲಿಗೆ ಬೂಟು ಇರಬೇಕೆಂಬುದು ತಿಳಿದವರ ಮಾತು. ಹಾಲುಕ್ಕಿಸಿದ ಮನೆಯೊಳಗೆ ಚಪ್ಪಲಿ ಕೂಡದು ಎಂಬುದು ನಮ್ಮಮ್ಮನ ಮಾತು. ಗೆದ್ದದ್ದು ಯಾರ ಮಾತೆಂದು ಹೇಳಬೇಕಿಲ್ಲ. ಬರಿಗಾಲಲ್ಲಿ ಬೀರು ಹೊತ್ತು ನಾಲ್ವರು ಬಾಗಿಲಿಗೆ ಬಂದರೆ ಅಮ್ಮ ಒಳಗಿನಿಂದ “ಬಲಗಾಲು! ಬಲಗಾಲು!” ಎಂದು ಕೂಗಿದರು. ನಾಲ್ವರೂ ನಿಂತ ನಿಲುವಿನಲ್ಲೇ ಕಾಲು ಬದಲಿಸಲು ಹೋದರು. ಬೀರು ಒಮ್ಮೆ ಅವರ ಕಡೆ, ಒಮ್ಮೆ ನಮ್ಮ ಕಡೆ ವಾಲಿ ಯೋಚಿಸಿತು. “ಯಾವ ಕಾಲಾದ್ರೂ ಎಲ್ಲಾ ಒಳಗೆ ಬಂದ್ರೆ ಸಾಕು ತಾಯಿ,” ಎಂದ ಮೇಸ್ತ್ರಿ. ಬಂದವು.

ಈಗ ತಲೆದಿಂಬು. ಚಿಕ್ಕಪ್ಪ ಬೆಳಗ್ಗಿನಿಂದ ಒಂದು ಕಡ್ಡಿಯನ್ನೂ ಎತ್ತಿರಲಿಲ್ಲ. “ಸ್ವಲ್ಪ ಈ ಕಡೆ” ಎನ್ನುವ ಉಸ್ತುವಾರಿ ಅವರದು. ಎದುರು ಹಿಡಿದವನಿಗೆ ಅದು ‘ಆ ಕಡೆ’ ಎಂಬ ಚಿಂತೆ ಅವರಿಗಿಲ್ಲ. ಎಲ್ಲ ಮುಗಿದ ಮೇಲೆ ಪಾಪ ತಾವೂ ಕೈಹಾಕೋಣವೆಂದು ಕಾಲು ಊರಿದಲ್ಲೇ ಊರಿ, ನಡುವನ್ನಷ್ಟೇ ತಿರುಗಿಸಿ, ಹಿಂದೆ ನಿಂತವರಿಗೆ ಒಂದು ದಿಂಬು ದಾಟಿಸಿದರು. ಕಳಕ್ಕೆಂದಿತು. ತಿರುಗುವುದಾದರೆ ಪಾದವನ್ನೂ ಸೇರಿಸಿ ಇಡೀ ಆಳು ತಿರುಗಬೇಕು, ದಿಂಬಾದರೂ ಸರಿ, ದಿಮ್ಮಿಯಾದರೂ ಸರಿ.

ಉಳುಕಿಗೆ ಅಮ್ಮನ ಬಳಿ ಮದ್ದಿತ್ತು: ಕಾಲು ಮುಂದಾಗಿ ಹುಟ್ಟಿದವರು ಒದೆಯಬೇಕು. ಯಾರಿದ್ದಾರೆ ಎಂದು ವಿಚಾರಿಸಿದರೆ ಟೆಂಪೊ ಡ್ರೈವರ್ ಸಂಕೋಚದಿಂದ ಕೈಯೆತ್ತಿದ. ಚಿಕ್ಕಪ್ಪ ಗೋಡೆ ಹಿಡಿದು ನಿಂತರು. ಅವನು ಮೂರು ಸಲ ಮೆಲ್ಲಗೆ ಒದ್ದ. ಹಿರಿಯರಿಗೆ ಕಾಲು ತಗುಲಿತಲ್ಲ ಎಂದು ಪ್ರತಿ ಒದೆಗೂ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಬಾಡಿಗೆಗೆ ಅದನ್ನು ಸೇರಿಸಲಿಲ್ಲ. ಸಂಜೆ ನೋಡಿದ ಡಾಕ್ಟರು ಹಾಸಿಗೆ ಹಿಡಿದು ಮಲಗಬೇಡಿ, ಆದಷ್ಟು ಓಡಾಡಿ ಎಂದರು. ಎರಡರಲ್ಲಿ ಚಿಕ್ಕಪ್ಪನಿಗೆ ಒದೆಯೇ ಹಿತವೆನಿಸಿತು.

ಮರುದಿನ ಬೆಳಿಗ್ಗೆ ಆಳುಗಳು ಯಾರೂ ಇಲ್ಲದ ಹೊತ್ತು ನೋಡಿ ನಮ್ಮವಳು ಕಾಫಿ ಕೊಡುತ್ತ, “ರೀ, ಬೀರು ನೈರುತ್ಯದಲ್ಲಿ ಇರಬೇಕಂತೆ,” ಎಂದಳು. ಬೀರುವಿನ ಕಾಲಡಿಗೆ ಗೋಣಿಚೀಲ ಸೇರಿಸಿ, ಎಳೆಯದೆ, ಬೆನ್ನು ನೆಟ್ಟಗಿಟ್ಟು ತಳ್ಳಿದರೆ ಆದೀತು ಎಂದು ನಾನೂ ಭಾವಮೈದುನನೂ ಎದ್ದೆವು. ಇನ್ನೂ ಕೈ ಇಟ್ಟಿರಲಿಲ್ಲ, ಒಳಕೋಣೆಯ ಹಾಸಿಗೆಯಿಂದ ದನಿ ಬಂತು: “ಸ್ವಲ್ಪ ಈ ಕಡೆ ಬರಲಿ ಕಣ್ರೋ!”