ಜಾರುವ ವಿದ್ಯೆ, ನಿಲ್ಲುವ ಶುಲ್ಕ

ಸುಮಾರು 2,650 ಮೀಟರ್ ಎತ್ತರದಲ್ಲಿರುವ ಕಾಶ್ಮೀರದ ಗುಲ್ಮಾರ್ಗದಲ್ಲಿ, ಬೇಸಿಗೆಯಲ್ಲಿ ಗಾಲ್ಫ್ ಚೆಂಡು ಉರುಳುವ ಹುಲ್ಲುಗಾವಲಿನ ಮೇಲೆ ಚಳಿಗಾಲ ಬಂದೊಡನೆ ಮನುಷ್ಯರೇ ಉರುಳತೊಡಗುತ್ತಾರೆ. ಪಾದಗಳಿಗೆ ನೀಳ ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಎಂಬ ಕ್ರೀಡೆಗೆ ಬೇಕಾದ ವೇಗವನ್ನು ಗುರುತ್ವಾಕರ್ಷಣೆಯು ಉಚಿತವಾಗಿ ಒದಗಿಸುತ್ತದೆಯಾದರೂ, ನಿಲ್ಲುವ ವಿದ್ಯೆಯನ್ನು ಮಾತ್ರ ಶುಲ್ಕ ತೆತ್ತು ಕಲಿಯಬೇಕಾಗುತ್ತದೆ. ಪಟ್ಟಿಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳ ಅಂಚುಗಳಿಂದ ಹಿಮವನ್ನು ಕೆರೆಯುತ್ತ ವೇಗ ತಗ್ಗಿಸುವುದೇ ಅದರ ಮೊದಲ ಪಾಠ. ಉಕ್ಕಿನ ಹಗ್ಗಕ್ಕೆ ತೂಗುಬಿದ್ದು ಸಾಗುವ ಗೊಂಡೋಲಾ ಎಂಬ ವಾಹನವು ಕೊಂಗ್ದೂರಿಯ ಮಾರ್ಗವಾಗಿ ಅಫರ್ವತ್ ಪರ್ವತದ 3,900 ಮೀಟರಿಗೂ ಮೇಲಿನ ಎತ್ತರಕ್ಕೆ ಒಯ್ಯುವುದರಿಂದ, ಏರಲು ಟಿಕೆಟ್ ಸಾಕು, ಜಾರಿ ಇಳಿಯಲು ಮಾತ್ರ ಯೋಗ್ಯತೆ ಬೇಕು. ಬಾಡಿಗೆಯ ಗಂಬೂಟು ತೊಟ್ಟು ದಡದಲ್ಲೇ ನಿಂತ ಪ್ರವಾಸಿಗರಾದರೋ ಒಮ್ಮೆಯೂ ಬೀಳದ ಕಾರಣ, ಈ ಕ್ರೀಡೆಯ ಅಧಿಕೃತ ವಿಮರ್ಶಕರಾಗಿಯೇ ಊರಿಗೆ ಮರಳುತ್ತಾರೆ.