ಭಯಾಭಾವ ಮೀಮಾಂಸೆ

ಪೀಠಿಕೆ
ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಗೆ ಹೊಂದಿಕೊಂಡ ಊರು. ಕನ್ನಡದ ದೆವ್ವ, ತೆಲುಗಿನ ದಯ್ಯಂ ಎರಡಕ್ಕೂ ನಾವು ಹುಟ್ಟಿನಿಂದಲೇ ಹೆದರಿದವರು. ಈ ಉಭಯಭಾಷಾ ಪಾಂಡಿತ್ಯದ ಬಲದಿಂದ, ಮೊನ್ನೆ ಕಂಡ ಅಲ್ಪ ಬಂಡವಾಳದ ದೆವ್ವದ ಸಿನಿಮಾವೊಂದು ನನ್ನನ್ನೇಕೆ ಹೆದರಿಸಲಿಲ್ಲ ಎಂಬುದನ್ನು ಇಲ್ಲಿ ವಿಚಾರಿಸಿದೆ. ಚಿತ್ರದ ಹೆಸರು ಹೇಳುವುದಿಲ್ಲ. ಅಂಥವುಗಳ ಹೆಸರನ್ನು ರಾತ್ರಿ ಹೊತ್ತು ಎತ್ತಬಾರದು.

ಲಕ್ಷಣಪರೀಕ್ಷೆ
ಭರತಮುನಿ ಹೇಳಿದ ಸಾತ್ತ್ವಿಕ ಭಾವಗಳು ಎಂಟು. ಎಂಟೂ ಸಿದ್ಧಿಸಿದವು! ಕಾಲು ಜೋಮು ಹಿಡಿದು ಸ್ತಂಭ, ಫ್ಯಾನು ನಿಂತು ಸ್ವೇದ, ಸೊಳ್ಳೆ ಕಚ್ಚಿದಲ್ಲೆಲ್ಲ ರೋಮಾಂಚ, ಆಕಳಿಸುತ್ತಲೇ ಮಾತಾಡಿ ಸ್ವರಭೇದ, ಹಿಂದಿನವನು ಸೀಟಿಗೆ ಒದ್ದು ವೇಪಥು, ಟಿಕೆಟ್ಟಿನ ದುಡ್ಡು ನೆನೆದು ಅಶ್ರು. ವೈವರ್ಣ್ಯ ನಿರ್ಮಾಪಕರ ಪಾಲಿಗೆ. ಪ್ರಳಯವೆಂದರೆ ಮೂರ್ಛೆ, ಅದು ಪಕ್ಕದವನಿಗೆ ಬಂದಿತ್ತು. ಗೊರಕೆ ಕೇಳಿದ ಮೇಲೆ ನಿದ್ರೆಯೆಂದು ತಿಳಿಯಿತು. ನಿದ್ರೆಯೂ 33 ವ್ಯಭಿಚಾರಿಭಾವಗಳಲ್ಲೊಂದು, ಆದ್ದರಿಂದ ಶಾಸ್ತ್ರಲೋಪವಿಲ್ಲ. ಲೋಪವಾದದ್ದು ಭಯ ಒಂದೇ.

ರಕ್ತಪ್ರಕರಣ
ಕೋಲಾರ ಸೀಮೆಯವರಿಗೆ ಟೊಮೇಟೊ ತೋರಿಸಿ ರಕ್ತ ಎನ್ನಬಾರದು. ಗೋಡೆಯ ಮೇಲೆ ಹರಿದದ್ದನ್ನು ಕಂಡೊಡನೆ ಮುಂದಿನ ಸಾಲಿನ ಹಿರಿಯರು, “ನಾಟಿ ಅಲ್ಲಪ್ಪ, ಹೈಬ್ರಿಡ್ಡು” ಎಂದು ತೀರ್ಪಿತ್ತರು. ಚಿತ್ರೀಕರಣದ ಕಾಲನಿರ್ಣಯಕ್ಕೂ ಇದೇ ಆಧಾರ. 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ 2023ರಲ್ಲಿ ಇಷ್ಟು ರಕ್ತ ಹರಿಸುವ ಗುಂಡಿಗೆ ಯಾವ ನಿರ್ಮಾಪಕನಿಗೂ ಇರಲಾರದು. ಬೆಲೆ ಬಿದ್ದು ರೈತರು ಹಣ್ಣನ್ನು ರಸ್ತೆಗೆ ಸುರಿದ ವಾರದಲ್ಲೇ ತೆಗೆದ ಚಿತ್ರವಿದು.

ವೃಕ್ಷಪ್ರಕರಣ
ದೆವ್ವಕ್ಕೆ ಹುಣಸೆಮರ ವಿಹಿತ. ಇದಕ್ಕೆ ಕೊಟ್ಟದ್ದು ನೀಲಗಿರಿ ತೋಪು. ಕೂರಲು ಅಡ್ಡಕೊಂಬೆಯಿಲ್ಲದೆ ಪಾಪ, ಇಡೀ ಸಿನಿಮಾ ನಿಂತೇ ಇತ್ತು. ಪಾದ ಹಿಂದುಮುಂದಾಗಿರಲಿಲ್ಲ, ಹವಾಯಿ ಚಪ್ಪಲಿ ಮಾತ್ರ ಅದಲುಬದಲಾಗಿತ್ತು.

ಪೂರ್ವಪಕ್ಷ
“ದುಡ್ಡಿಲ್ಲದೆ ಹೆದರಿಸುವುದು ಹೇಗೆ?” ಎಂದರೆ, ಕೇಳಿ. 1979ರ ‘ನಾ ನಿನ್ನ ಬಿಡಲಾರೆ’ಯ ಕಾಲಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲಿತ್ತು? 1985ರ ‘ತುಳಸಿದಳ’ದ ನಿರ್ದೇಶಕ ವೇಮಗಲ್ ಜಗನ್ನಾಥರಾವ್, ಆ ಹೆಸರಿನ ವೇಮಗಲ್ ನಮ್ಮ ಜಿಲ್ಲೆಯದೇ. 2013ರ ‘6-5=2’ಕ್ಕೆ ಕಾಡು, ಚಾರಣಿಗರು, ಅಲುಗಾಡುವ ಕ್ಯಾಮೆರಾ ಸಾಕಾದವು.

ಸಿದ್ಧಾಂತ
1990ರ ದಶಕದಲ್ಲಿ ಬಾಗಿಲ ಮೇಲೆ ಬರೆದ ‘ನಾಳೆ ಬಾ’ ಎಂಬ ಎರಡು ಪದಗಳ ಹಿಂದಿದ್ದ ಭಯಕ್ಕೆ ಒಟ್ಟು ಬಂಡವಾಳ ಒಂದು ಚಾಕ್‌ಪೀಸು. ದೆವ್ವ ಬರುತ್ತದೆ, ಓದುತ್ತದೆ, ಹೋಗುತ್ತದೆ ಎಂದರು. ಕಂಡವರಿಲ್ಲ; ಬರೆಯದೆ ಮಲಗುವ ಧೈರ್ಯವೂ ಇರಲಿಲ್ಲ. ಆದ್ದರಿಂದ ಭಯಕ್ಕೆ ಬೇಕಾದದ್ದು ಬಾಗಿಲಾಚೆ ಏನಿದೆಯೋ ಎಂಬ ಸಂಶಯ. ಈ ಚಿತ್ರ ಮೊದಲ ದೃಶ್ಯದಲ್ಲೇ ಬಾಗಿಲು ತೆಗೆದು, ದೆವ್ವವನ್ನು ಒಳಗೆ ಕರೆದು, ಟ್ಯೂಬ್‌ಲೈಟ್ ಹಾಕಿ ನಿಲ್ಲಿಸಿತು.

ಫಲಶ್ರುತಿ
ಕೊನೆಗೆ ತೆರೆಯ ಮೇಲೆ ‘ಎರಡನೇ ಭಾಗ ಶೀಘ್ರದಲ್ಲಿ’ ಎಂದು ಮೂಡಿತು. ಮೈ ಜುಮ್ಮೆಂದದ್ದು ಆಗ. ಮನೆಗೆ ಬಂದವನೇ ಚಾಕ್‌ಪೀಸು ಹುಡುಕಿದೆ.