ಷಡ್ಡಕರ ಇಂಜಿನ್ ಹೋದ ಪ್ರಸಂಗ

ಭಾನುವಾರ ಮಧ್ಯಾಹ್ನ ನಮ್ಮ ಷಡ್ಡಕರ ಫೋನು. “ಭಾವಾ, ಹೋಗ್ಬಿಡ್ತು” ಎಂದರು. ಗಂಟಲು ಕಟ್ಟಿತ್ತು. ಅವರ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿ ಇದ್ದಾರೆ. ನನ್ನ ಎದೆ ಧಸಕ್ಕೆಂದಿತು. ಕನ್ನಡ ವ್ಯಾಕರಣ ಕೈಹಿಡಿಯಿತು. ಅಜ್ಜಿಯಾಗಿದ್ದರೆ “ಹೋಗ್ಬಿಟ್ರು” ಅನ್ನಬೇಕಿತ್ತು. ಹೋದದ್ದು ನಪುಂಸಕಲಿಂಗ. ಎಸ್ಟೀಮ್ ಕಾರಿನ ಇಂಜಿನ್.

ಈ ಜಾತಿಯವರು ಈಗ ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿಗೆ ಒಬ್ಬರಾದರೂ ಇದ್ದಾರೆ. ವಾರವಿಡೀ ಸಿಲ್ಕ್ ಬೋರ್ಡಿನಲ್ಲಿ ಎರಡನೇ ಗೇರು ಕಾಣದವರು, ರಜೆ ಬಂತೆಂದರೆ ಬೆಳಗಿನ ಜಾವ ಹೊರಟು ಸುಮಾರು 300 ಕಿ.ಮೀ. ದೂರದ ಇರುಂಗಾಟ್ಟುಕೋಟ್ಟೈಗೆ ಹೋಗುತ್ತಾರೆ. ಶ್ರೀಪೆರಂಬುದೂರಿನ ಹತ್ತಿರ, 1990ರಿಂದ ಇರುವ ರೇಸ್ ಟ್ರ್ಯಾಕು. ಒಂದು ಸುತ್ತು 3.7 ಕಿ.ಮೀ. ಹೊರಟ ಜಾಗಕ್ಕೇ ಬಂದು ಸೇರಲು ಅಷ್ಟು ದೂರ ಹೋಗುವುದೇಕೆ ಎಂದು ಕೇಳಿ ನಾನು ಒಮ್ಮೆ ಬೈಸಿಕೊಂಡಿದ್ದೇನೆ. ಕಾರಿನ ತೂಕ ಇಳಿಸಲು ಹಿಂದಿನ ಸೀಟು, ಸ್ಟೆಪ್ನಿ, ಜಾಕ್ ಎಲ್ಲ ಕಳಚಿ ಮನೆಯಲ್ಲಿಡುತ್ತಾರೆ. ದಾರಿಯಲ್ಲಿ ಆಂಬೂರಿನ ಬಿರಿಯಾನಿ ತಿಂದು ಸರಿದೂಗಿಸುತ್ತಾರೆ.

ಇಂಜಿನ್ ಹೇಗೆ ಹೋಯಿತೆಂದು ನಮ್ಮ ಮನೆಯ ಊಟದ ಮೇಜಿನ ಮೇಲೇ ತೋರಿಸಿದರು. ಸಾರಿನ ಪಾತ್ರೆ ಎತ್ತಿ ಓರೆ ಮಾಡಿ, “ನೋಡಿ ಭಾವ, ಇದು ಚೇಂಬರು. ಉದ್ದ ತಿರುವಿನಲ್ಲಿ ಆಯಿಲ್ ಹೀಗೆ ಒಂದು ಪಕ್ಕಕ್ಕೆ ಏರುತ್ತೆ. ಸೌಟು ಈ ಪಕ್ಕ ಇದೆ. ಪಂಪಿಗೆ ಸಿಗೋದು ಬರೀ ಗಾಳಿ” ಎಂದರು. ಎಣ್ಣೆಯ ಪಸೆಯಿಲ್ಲದ ಬೇರಿಂಗು ಕಾದು, ಕಚ್ಚಿಕೊಂಡು, ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ತೂತು ಮಾಡಿ ಹೊರಗೆ ಇಣುಕುವ ಘಟ್ಟಕ್ಕೆ ಬರುವಷ್ಟರಲ್ಲಿ ಸಾರು ಮೇಜಿನ ಬಟ್ಟೆಯ ಮೇಲಿತ್ತು.

“ಆಯಿಲ್ ದೀಪ ಹತ್ತಲಿಲ್ವೇ?”

“ಎರಡು ಸಲ ಮಿಣುಕ್ತು.”

“ನಿಲ್ಲಿಸಬಾರದಿತ್ತೇ?”

“ಲ್ಯಾಪು ಚೆನ್ನಾಗಿ ಬರ್ತಿತ್ತು ಭಾವ.”

ಇವರು ತಪ್ಪನ್ನು ಎಣ್ಣೆಯ ಮೇಲೆ ಹಾಕುತ್ತಾರೆ, ತಿರುವಿನ ಮೇಲೆ ಹಾಕುತ್ತಾರೆ, ಚೆನ್ನೈ ಬಿಸಿಲಿನ ಮೇಲೆ ಹಾಕುತ್ತಾರೆ. ತಮ್ಮ ಬಲಗಾಲಿನ ಮೇಲೆ ಮಾತ್ರ ಹಾಕುವುದಿಲ್ಲ.

ಟೋಯಿಂಗ್ ಗಾಡಿಯಲ್ಲಿ ಮನೆಗೆ ಬಂದ ಕಾರನ್ನು ನೋಡಿ ಗ್ಯಾರೇಜಿನ ಭಾಯ್, “ಸಾರ್, ಬೋರ್ ಮಾಡ್ಸೋಕೂ ಬ್ಲಾಕ್ ಅಂತ ಒಂದಿರ್ಬೇಕಲ್ವಾ?” ಎಂದರಂತೆ. ಮೂರು ವಾರ ಗುಜರಿ ಅಂಗಡಿಗಳನ್ನು ಸುತ್ತಿದ ಮೇಲೆ ಸಿಕ್ಕಿದ್ದು ಒಂದು ವರ್ಸಾದ ಇಂಜಿನ್. ಅದೇ, ಅಮಿತಾಭ್ ಮತ್ತು ಅಭಿಷೇಕ್ ಜಾಹೀರಾತಿನಲ್ಲಿ ಬರುತ್ತಿದ್ದ ವ್ಯಾನು. ಅದರಲ್ಲೂ 1.3 ಲೀಟರು, ಹದಿನಾರು ವಾಲ್ವು, ಒಂದೇ ವಂಶ. ವ್ಯಾನಿನಲ್ಲಿ ಇಂಜಿನ್ ಸೀಟಿನ ಕೆಳಗೆ ಉದ್ದುದ್ದ ಮಲಗಿರುತ್ತದೆ, ಎಸ್ಟೀಮಿನಲ್ಲಿ ಅಡ್ಡಡ್ಡ. ಹಾಗಾಗಿ ಭಾಯ್ ಹಳೆಯದರ ಚೇಂಬರು, ಬ್ರಾಕೆಟ್ಟುಗಳನ್ನು ಬಿಚ್ಚಿ ಹೊಸದಕ್ಕೆ ಕಟ್ಟಿದರು. ಎಣ್ಣೆ ಓಡಾಡದಂತೆ ಚೇಂಬರಿನೊಳಗೆ ತಗಡಿನ ಅಡ್ಡಗೋಡೆಯನ್ನೂ ಬೆಸುಗೆ ಹಾಕಿಸಿದರು. ಯಾವುದೋ ಸಂಸಾರವನ್ನು ಧರ್ಮಸ್ಥಳಕ್ಕೆ ಕರೆದೊಯ್ಯುತ್ತಿದ್ದ ಇಂಜಿನ್ನಿಗೆ ಮುದಿಪ್ರಾಯದಲ್ಲಿ ಈ ಗತಿ.

ವಿಮೆಯ ಕಾಗದವನ್ನು ಷಡ್ಡಕರು ಜೀವಮಾನದಲ್ಲಿ ಮೊದಲ ಸಲ ಓದಿದರು. ರೇಸಿಗೆ, ವೇಗದ ಪರೀಕ್ಷೆಗೆ ಬಳಸಿದರೆ ಪರಿಹಾರವಿಲ್ಲ ಎಂದು ಅದರಲ್ಲಿ ಮೊದಲಿನಿಂದಲೂ ಇತ್ತು.

ಮನೆಯಲ್ಲಿ “ಕ್ಲಚ್ ಪ್ಲೇಟ್ ಹೋಗಿದೆ” ಎಂದಿದ್ದರು. ನಾದಿನಿ ಗ್ಯಾರೇಜಿಗೇ ಹೋಗಿ ಬಾನೆಟ್ ಕೆಳಗೆ ಇಣುಕಿ, “ಕ್ಲಚ್ ಪ್ಲೇಟಿಗೆ ಇಷ್ಟು ಜಾಗ ಬೇಕೇನ್ರೀ?” ಎಂದಾಗಲೂ ಹೇಗೋ ತೇಲಿಸಿದರು. ಸಿಕ್ಕಿಬಿದ್ದದ್ದು ಆರ್‌ಟಿಒದಿಂದ. ಇಂಜಿನ್ ಬದಲಾದರೆ ಆರ್‌ಸಿಯಲ್ಲಿ ನಂಬರೂ ಬದಲಾಗಬೇಕು. ಅರ್ಜಿಗೆ ಮಾಲೀಕರ ಸಹಿ ಬೇಕು. ಮಾಲೀಕರು ನಾದಿನಿ! ಕಾರು, ಮಾವನವರು ಮದುವೆಯಲ್ಲಿ ಮಗಳ ಹೆಸರಿಗೇ ಕೊಡಿಸಿದ್ದು. (ನನಗೆ ಕೊಟ್ಟದ್ದು ವಾಚು. ಅದು ಈಗಲೂ ನಡೆಯುತ್ತಿದೆ.)

ನಾದಿನಿ ಸಹಿ ಹಾಕಿದಳು. ಅದಕ್ಕೆ ಮೊದಲು ಏನೇನು ನಡೆಯಿತೆಂದು ಷಡ್ಡಕರು ಹೇಳಿಲ್ಲ, ನಾನೂ ಕೇಳಿಲ್ಲ. ಮುರಿದ ರಾಡನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಷೋಕೇಸಿನಲ್ಲಿ, ಪಟ್ಟದ ಗೊಂಬೆಗಳ ಪಕ್ಕ ಇಟ್ಟಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ; ಹಾಗೆ ತೋರಿಸುವಾಗ ಮುಖದಲ್ಲಿ ದುಃಖಕ್ಕಿಂತ ಹೆಮ್ಮೆಯೇ ಜಾಸ್ತಿ.

ಮುಂದಿನ ತಿಂಗಳು ಮತ್ತೆ ಟ್ರ್ಯಾಕು. ಹಳೇ ವರ್ಸಾ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಬೇಡಿ. ನಮ್ಮ ಷಡ್ಡಕರು ಸ್ಪೇರ್ ಇಂಜಿನ್ ಹುಡುಕುತ್ತಿದ್ದಾರೆ.